ಮನೋರೋಗ ನರ್ಸಿಂಗ್‌ನಲ್ಲಿ ಎಂ.ಎಸ್ಸಿ.: ಮುಗಿಸಿ ಮೂರು ವರ್ಷವಾದ ಮೇಲೆ

ಸೇರುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ? ಕಲಬುರಗಿಯಲ್ಲಿ ಕೇಳಿದವರೆಲ್ಲ ಸಿಗುತ್ತದೆ ಎಂದರು; ಎಂಥ ಕೆಲಸ ಎಂದು ಯಾರೂ ಹೇಳಲಿಲ್ಲ. 2019ರಲ್ಲಿ ಸೇರಿದೆ. ನಡುವೆ ಕೊರೊನಾ ಬಂದು ಎರಡು ವರ್ಷದ ಓದು ಹೆಚ್ಚುಕಡಿಮೆ ಮೂರಾಯಿತು, ಹೊರಬಿದ್ದದ್ದು 2022ರಲ್ಲಿ. ಈಗ ಇದೇ ಊರಿನ ಆಸ್ಪತ್ರೆಯೊಂದರ ಮನೋರೋಗ ವಾರ್ಡಿನಲ್ಲಿದ್ದೇನೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಪದವಿಗೆ ಐದಕ್ಕೆ ನಾಲ್ಕು ಅಂಕ, ಅದನ್ನು ಕಲಿಸಿದ ರೀತಿಗೆ ಎರಡು.

ಗೊತ್ತಿಲ್ಲದವರಿಗೆ: ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಸಾಮಾನ್ಯವಾಗಿ ಶೇ 55 ಅಂಕ, ಒಂದು ವರ್ಷದ ಕೆಲಸದ ಅನುಭವ ಇದ್ದರೆ ಎಂ.ಎಸ್ಸಿ.ಗೆ ಅರ್ಜಿ ಹಾಕಬಹುದು. ಆಮೇಲೆ ಒಂದು ವಿಭಾಗ ಆರಿಸಬೇಕು. ನಮ್ಮ ತಂಡದಲ್ಲಿ ಎಲ್ಲರ ಕಣ್ಣು ಮೆಡಿಕಲ್-ಸರ್ಜಿಕಲ್ ಮೇಲೆ, ಹುಡುಗಿಯರದು ಹೆರಿಗೆ ವಿಭಾಗದ ಮೇಲೆ. ಮನೋರೋಗದ ಸೀಟು ಉಳಿದಿತ್ತು. ನನಗೆ ಉಳಿದದ್ದೇ ಸಿಕ್ಕಿತು. ಅವ್ವ ಓಣಿಯವರಿಗೆ ‘ದೊಡ್ಡ ನರ್ಸಿಂಗ್ ಓದುತ್ತಿದ್ದಾನೆ’ ಎಂದಷ್ಟೇ ಹೇಳಿದಳು, ಮುಂದಿನ ಪ್ರಶ್ನೆಗೆ ಆಸ್ಪದ ಕೊಡಲಿಲ್ಲ.

ಮೊದಲ ವರ್ಷದ ಬೋಧನಾಶಾಸ್ತ್ರ, ಸಂಖ್ಯಾಶಾಸ್ತ್ರಗಳ ಬಗ್ಗೆ ಹೇಳುವುದೇನೂ ಇಲ್ಲ. ಓದಬೇಕು, ಪಾಸಾಗಬೇಕು.

ಕೊಟ್ಟ ಹಣ ಎಲ್ಲಿ ವಸೂಲಾಯಿತು ಎಂದರೆ ಪ್ರೊಸೆಸ್ ರೆಕಾರ್ಡಿಂಗ್‌ನಲ್ಲಿ. ರೋಗಿಯ ಜೊತೆ ಅರ್ಧ ಗಂಟೆ ಕುಳಿತು ಮಾತನಾಡಬೇಕು. ಆಮೇಲೆ ಆ ಮಾತನ್ನು ನೆನಪಿನಿಂದ ಸಾಲು ಸಾಲಾಗಿ ಬರೆಯಬೇಕು: ರೋಗಿ ಹೇಳಿದ್ದು, ನಾನು ಹೇಳಿದ್ದು, ಆಗ ನನ್ನ ಮನಸ್ಸಿನಲ್ಲಿ ಬಂದದ್ದು, ಬಳಸಿದ ತಂತ್ರ. ಕೇಳಲು ಮಕ್ಕಳಾಟದ ಹಾಗಿದೆ. ನನ್ನ ಮೊದಲ ರೋಗಿ ಊಟ ಬಿಟ್ಟಿದ್ದ ಒಬ್ಬ ಹಿರಿಯ ರೈತ. ವಿವರಗಳನ್ನು ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ. ‘ಈ ಕೈಗಳು ನನ್ನವಲ್ಲ’ ಎಂದರು. ನಾನು ತಟ್ಟನೆ, ‘ಹಾಗೆಲ್ಲ ಅಂದುಕೊಳ್ಳಬೇಡಿ ಕಾಕಾ, ಎಲ್ಲ ಸರಿಹೋಗುತ್ತದೆ’ ಎಂದೆ. ಮೇಡಂ ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದದ್ದು: ‘ಸುಳ್ಳು ಭರವಸೆ. ನಿನಗೆ ಹೇಗೆ ಗೊತ್ತು?’

ಮನೆಯಲ್ಲಿ, ಸಾವಿನ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ನಾವು ಸಮಾಧಾನಕ್ಕೆಂದು ಆಡುವ ಮಾತುಗಳೆಲ್ಲ ಈ ಓದಿನಲ್ಲಿ ‘ಮಾಡಬಾರದ್ದು’ ಎಂಬ ಪಟ್ಟಿಯಲ್ಲಿವೆ. ಬುದ್ಧಿ ಹೇಳುವುದು, ವಿಷಯ ಬದಲಿಸುವುದು, ‘ಯಾಕೆ ಹಾಗೆ ಮಾಡಿದಿರಿ’ ಎಂದು ಕೇಳುವುದು. ಮರುದಿನ ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಗಡಿಯಾರ ನೋಡಬಾರದೆಂದು ಕಿಟಕಿ ನೋಡಿದೆ. ಬಹಳ ಹೊತ್ತಾದ ಮೇಲೆ ಕಾಕಾ, ‘ಬದುವಿನ ಮೇಲಿನ ಬನ್ನಿ ಮರ ಕಡಿದೆ. ತಮ್ಮನ ಮೇಲಿನ ಸಿಟ್ಟಿಗೆ’ ಎಂದರು. ದಸರೆಗೆ ಇಡೀ ಊರು ಬಂಗಾರವೆಂದು ಹಂಚಿಕೊಳ್ಳುವ ಎಲೆಯ ಮರ ಅದು. ಅಮೆರಿಕದ ನರ್ಸಿಂಗ್ ತಜ್ಞೆ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಶುಶ್ರೂಷೆಯ ತಿರುಳು ಎಂದು ವಾದಿಸಿ ಅದಕ್ಕೆ ನಾಲ್ಕು ಹಂತ ಗುರುತಿಸಿದ್ದರು. ನಾನು ನಾಲ್ಕನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅವು ಹಾಳೆ ಬಿಟ್ಟು ಎದ್ದದ್ದು ಆ ಮಂಚದ ಪಕ್ಕದಲ್ಲಿ.

ಇನ್ನು ಭಾಷೆ. ಪಠ್ಯ, ಪರೀಕ್ಷೆ ಎಲ್ಲ ಇಂಗ್ಲಿಷ್. ವಾರ್ಡಿನಲ್ಲಿ ಕನ್ನಡ, ದಖನಿ ಉರ್ದು. ಆಳಂದದ ಕಡೆಯವರು ಬಂದರೆ ಮರಾಠಿ, ಸೇಡಂ ಕಡೆಯವರು ಬಂದರೆ ತೆಲುಗು. ಖಿನ್ನತೆ ಎಂಬ ಶಬ್ದ ರೋಗಿಗಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಮೈ ಉರಿ, ಎದೆ ಭಾರ, ಜೀವಕ್ಕೆ ಸಮಾಧಾನವಿಲ್ಲ ಎನ್ನುತ್ತಾರೆ. ಮನಃಸ್ಥಿತಿಯ ಪರೀಕ್ಷೆಯಲ್ಲಿ ಏಕಾಗ್ರತೆ ನೋಡಲು ನೂರರಿಂದ ಏಳೇಳು ಕಳೆಯುತ್ತಾ ಹೋಗಲು ಹೇಳುತ್ತಾರೆ. ಶಾಲೆಯ ಮುಖ ಕಾಣದ ಒಬ್ಬ ಅಮ್ಮನಿಗೆ ನಾನು, ‘ನೂರು ರೂಪಾಯಿಯಲ್ಲಿ ಏಳು ರೂಪಾಯಿ ಚಹಾಕ್ಕೆ ಹೋದರೆ ಎಷ್ಟು ಉಳಿಯಿತು ಅಮ್ಮಾ?’ ಎಂದೆ. ‘ಏಳು ರೂಪಾಯಿಗೆ ಚಹಾ ಎಲ್ಲಿ ಕೊಡುತ್ತಾರೆ ತಮ್ಮಾ?’ ಎಂದರು. ಅಂಕ ಕೊಡಲು ಕಲಿಸಿಕೊಟ್ಟ ಕೋಷ್ಟಕದಲ್ಲಿ ಈ ಉತ್ತರಕ್ಕೆ ಜಾಗವಿರಲಿಲ್ಲ; ನಾನು ಪೂರ್ತಿ ಅಂಕ ಕೊಟ್ಟೆ.

ಪುಸ್ತಕದ ಒಂದು ಸಾಲು ನಮ್ಮ ಜಿಲ್ಲೆಯಲ್ಲಿ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಲಿಥಿಯಂ ಉದಾಹರಣೆ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆಗೆ ಕೊಡುವ ಮಾತ್ರೆ ಇದು. ರಕ್ತದಲ್ಲಿ ಇದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ನಡುವೆ ಇರಬೇಕು, 1.5 ದಾಟಿದರೆ ವಿಷದ ಲಕ್ಷಣ ಕಾಣಿಸತೊಡಗುತ್ತದೆ. ಮೈಯ ನೀರು, ಉಪ್ಪು ಕಡಿಮೆಯಾದರೆ ಅದೇ ಮಾತ್ರೆಯಿಂದಲೇ ಈ ಮಟ್ಟ ಏರುತ್ತದೆ. ಪಠ್ಯದಲ್ಲಿ ‘ಸಾಕಷ್ಟು ನೀರು ಕುಡಿಯಲು ತಿಳಿಸಿ’ ಎಂದಿದೆ, ಮುಗಿಯಿತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಬಿಸಿಲು. ಆ ಬಿಸಿಲಲ್ಲಿ ಗಾರೆ ಕೆಲಸಕ್ಕೆ ಹೋಗುವವನು ವಾಂತಿ, ಭೇದಿ, ನಡುಗುವ ಕೈ ಎಂದು ಬಂದರೆ ಮನೆಯವರು ಬಿಸಿಲು ಬಡಿದಿದೆ ಎನ್ನುತ್ತಾರೆ. ಚೀಟಿಯಲ್ಲಿ ಲಿಥಿಯಂ ಇದೆಯೇ ಎಂದು ನೋಡುವುದು, ಇದ್ದರೆ ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಹೇಳಿ ರಕ್ತ ಕಳಿಸುವುದು: ಈ ಪದವಿ ಇಲ್ಲದಿದ್ದರೆ ನನಗೆ ಹೊಳೆಯುತ್ತಿರಲಿಲ್ಲ. ಬೇರೆ ಮನೋರೋಗದ ಮಾತ್ರೆಗಳಿಂದ ಬರುವ ಕೈ ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಬೆವರುವುದನ್ನೇ ಕಡಿಮೆ ಮಾಡುತ್ತದೆ. ಬೇಸಿಗೆಯಲ್ಲಿ ಅದರ ಮೇಲೂ ಕಣ್ಣಿಡಬೇಕು.

ಈಗ ದೂರುಗಳು. ಸ್ನಾತಕೋತ್ತರ ವಿದ್ಯಾರ್ಥಿಗಳು, ಬಿ.ಎಸ್ಸಿ.ಯವರು, ಡಿಪ್ಲೊಮಾದವರು, ಬೇರೆ ಕಾಲೇಜಿನವರು ಎಲ್ಲ ಸೇರಿ ಒಂದೇ ವಾರ್ಡಿನಲ್ಲಿ ನಿಂತರೆ ರೋಗಿಗಳಿಗಿಂತ ಬಿಳಿ ಕೋಟುಗಳೇ ಹೆಚ್ಚು. ಒಬ್ಬರ ಕೇಸ್ ಹಿಸ್ಟರಿಯನ್ನು ಆರು ಜನ ಬರೆದಿದ್ದೇವೆ. ಆರರಲ್ಲೂ ಮದುವೆಯಾದ ವರ್ಷ ಬೇರೆ ಬೇರೆ. ಲಾಕ್‌ಡೌನಿನಲ್ಲಿ ವಾರ್ಡಿನ ತರಗತಿಯೂ ಮೊಬೈಲಿಗೆ ಬಂತು: ನಾವೇ ರೋಗಿ, ನಾವೇ ನರ್ಸ್. ನಿಜವಾಗಿ ಕಣ್ಣು ತೆರೆಸಿದ್ದು ರಾತ್ರಿ ರೈಲು ಹಿಡಿದು ಹೋದ ಬೆಂಗಳೂರಿನ ಒಂದು ತಿಂಗಳ ತರಬೇತಿ. ಅದರ ಊಟ, ವಸತಿಯ ಖರ್ಚು ನಮ್ಮದೇ ಎಂಬ ಮಾತು ಪ್ರವೇಶದ ದಿನ ಯಾರ ಬಾಯಿಂದಲೂ ಬರಲಿಲ್ಲ.

ಸಂಶೋಧನಾ ಪ್ರಬಂಧದ ಕಥೆ ಈ ಪದವಿ ಓದಿದವರಿಗೆಲ್ಲ ಗೊತ್ತು. ಅರವತ್ತು ಜನರನ್ನು ಕೂರಿಸಿ ಪ್ರಶ್ನೆ ಕೇಳು, ಪಾಠ ಮಾಡು, ಒಂದು ವಾರ ಬಿಟ್ಟು ಅದೇ ಪ್ರಶ್ನೆ ಕೇಳು, ಜ್ಞಾನ ಹೆಚ್ಚಾಯಿತೆಂದು ‘ಟಿ ಪರೀಕ್ಷೆ’ ಎಂಬ ಸಂಖ್ಯಾಶಾಸ್ತ್ರದ ಲೆಕ್ಕದಿಂದ ಸಾಬೀತು ಮಾಡು, ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರ ಹಾಕಿಸು. ನನ್ನದೂ ಹಾಗೆಯೇ. ನಾಚಿಕೆಯಿದೆ, ಆದರೆ ಅಕ್ಷರಗಳು ಚೆನ್ನಾಗಿ ಬಂದಿವೆ.

ಗಂಡಸರಿಗೆ ಒಂದು ಮಾತು. ವಾರ್ಡಿನಲ್ಲಿ ಗಲಾಟೆಯಾದಾಗ ಮೊದಲು ಕೇಳುವ ಕೂಗು ‘ಬ್ರದರ್, ಬನ್ನಿ, ಹಿಡಿಯಿರಿ’. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಕಟ್ಟಿಹಾಕುವುದಕ್ಕೂ ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಅನುಮತಿ ಬೇಕು. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಮನೋರೋಗಿಗಳು ಬೆಂಕಿಯಲ್ಲಿ ಸುಟ್ಟುಹೋದದ್ದನ್ನು ತರಗತಿಯಲ್ಲಿ ಓದಿದ ದಿನ ನಮ್ಮಲ್ಲಿ ಯಾರೂ ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ. ಈಗ ಕೂಗು ಕೇಳಿದರೆ ನಾನು ಓಡುವುದಿಲ್ಲ, ನಡೆದು ಹೋಗುತ್ತೇನೆ; ಎರಡು ತೋಳಿನಷ್ಟು ದೂರ ನಿಂತು ಹೆಸರು ಹಿಡಿದು ಮಾತನಾಡಿಸುತ್ತೇನೆ. ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ. ಸಾಕಾಗದೆ ಹೋದಾಗ ಒಮ್ಮೆ ಕನ್ನಡಕ ಒಡೆದಿದೆ.

ಸಂಬಳ? ನಮ್ಮ ಆಸ್ಪತ್ರೆಯಲ್ಲಿ ಬಿ.ಎಸ್ಸಿ. ಮಾಡಿದ ಗೆಳೆಯನಿಗೂ ನನಗೂ ಇರುವ ಅಂತರ ಪೆಟ್ರೋಲಿಗೆ ಸರಿಹೋಗುತ್ತದೆ. ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಪಾಠ ಮಾಡಲು ಹೋದರು, ರೋಗಿಗಳ ಹತ್ತಿರ ಉಳಿದವರು ಇಬ್ಬರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋರೋಗ ನರ್ಸ್‌ಗೆ ಸ್ಥಾನವಿದೆ, ಆದರೆ ಜಿಲ್ಲೆಗೆ ಎಷ್ಟು ಕುರ್ಚಿ ಎಂದು ನೀವೇ ಲೆಕ್ಕ ಹಾಕಿ.

ಸೇರುವವರು ಕಾಲೇಜಿನ ಕಟ್ಟಡ ನೋಡಬೇಡಿ. ಮನೋರೋಗ ವಾರ್ಡ್ ಎಲ್ಲಿದೆ, ಎಷ್ಟು ಹಾಸಿಗೆ, ಪ್ರೊಸೆಸ್ ರೆಕಾರ್ಡಿಂಗನ್ನು ಯಾರು ಓದುತ್ತಾರೆ, ಓದುತ್ತಾರೋ ಬರೀ ಸಹಿ ಹಾಕುತ್ತಾರೋ ಎಂದು ಹಿರಿಯ ವಿದ್ಯಾರ್ಥಿಯನ್ನು ಹೊರಗೆ ಚಹಾದಂಗಡಿಯಲ್ಲಿ ಕೇಳಿ. ಪುಸ್ತಕ ಬೇಕಾದವರಿಗೆ ನನ್ನವನ್ನು ಪುಕ್ಕಟೆ ಕೊಡುತ್ತೇನೆ, ಪ್ರಬಂಧವನ್ನಂತೂ ಸಂತೋಷದಿಂದ ಕೊಡುತ್ತೇನೆ. ಪ್ರೊಸೆಸ್ ರೆಕಾರ್ಡಿಂಗ್ ಬರೆದ ನೋಟ್‌ಬುಕ್ ಮಾತ್ರ ಕೇಳಬೇಡಿ, ಅದರಲ್ಲಿ ರೋಗಿಗಳ ಮಾತಿದೆ.