ಹಳೇ ಮನೆಗೆ ಮೂರು ಹಬ್: ಎರಡೂವರೆ ವರ್ಷ ಬಳಸಿದ ಮೇಲೆ

ಅಮ್ಮನಿಗೆ ಈಗ 79. ರಾತ್ರಿ ಒಂದೆರಡು ಸಲ ಏಳುತ್ತಾರೆ. ಅವರ ಕೋಣೆಯಿಂದ ಬಚ್ಚಲಿಗೆ ಹೋಗಬೇಕಾದರೆ ನಡುಮನೆ ದಾಟಬೇಕು, ಎರಡು ಹೊಸ್ತಿಲು ದಾಟಬೇಕು, ಕೊನೆಗೆ ಒಂದು ಮೆಟ್ಟಿಲು ಇಳಿಯಬೇಕು. ಲೈಟಿನ ಸ್ವಿಚ್ ಇರುವುದು ಮೆಟ್ಟಿಲು ಇಳಿದ ಮೇಲೆ. ಆ ಒಂದು ಮೆಟ್ಟಿಲಿಗೋಸ್ಕರ ನಮ್ಮ ಮನೆಗೆ ಸ್ಮಾರ್ಟ್ ಹೋಮ್ ಬಂತು, ಅಂದರೆ ಯಾರಾದರೂ ನಡೆದದ್ದನ್ನು ಸೆನ್ಸರ್ ಗಮನಿಸಿ ಲೈಟ್ ತಾನೇ ಹತ್ತುವ ವ್ಯವಸ್ಥೆ. ಅದನ್ನು ನೆಚ್ಚಿಕೊಳ್ಳುವ ಹಾಗೆ ಮಾಡುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಈಗ ಮೂರು ಹಬ್ (ಸೆನ್ಸರ್, ಬಲ್ಬ್‌ಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಪೆಟ್ಟಿಗೆ) ಇಟ್ಟುಕೊಂಡು ಎರಡೂವರೆ ವರ್ಷ ಆಗಿದೆ. ಹಬ್ ಜಾಸ್ತಿ ಹಾಕಿದರೆ ರೇಂಜ್ ಜಾಸ್ತಿ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಸುಮ್ನೆ ಹಾಕಿದರೆ ಆಗಲ್ಲ. ಯಾವಾಗ ಆಗುತ್ತದೆ, ಯಾವಾಗ ಆಗಲ್ಲ ಅನ್ನೋದನ್ನು ನಾನು ಕಂಡ ಹಾಗೆ ಬರೆಯುತ್ತೇನೆ.

ಮನೆ ಇರುವುದು ಮೈಸೂರಿನ ಲಕ್ಷ್ಮೀಪುರಂನಲ್ಲಿ. ಅಜ್ಜನ ಕಾಲದ್ದು. ಅಗಲ 24 ಅಡಿ, ಉದ್ದ ಹಿತ್ತಲು ಸೇರಿ 110 ಅಡಿ. ಗೋಡೆ ಒಂದೂವರೆ ಅಡಿ ದಪ್ಪ, ಇಟ್ಟಿಗೆ ಮತ್ತು ಗಾರೆ. ಹಿತ್ತಲ ತುದಿಯಲ್ಲಿ ಒಂದು ಔಟ್‌ಹೌಸ್. ಅದರ ಪಕ್ಕದಲ್ಲೇ ಸಂಪು, ಮೋಟರ್. ಬೇಸಿಗೆಯಲ್ಲಿ ಇಂಥ ಮನೆಯಷ್ಟು ತಂಪು ಬೇರೆ ಎಲ್ಲೂ ಇಲ್ಲ. ಆದರೆ ಜಿಗ್‌ಬೀ, ಅಂದರೆ ಈ ಹಬ್ ಮತ್ತು ಸೆನ್ಸರ್‌ಗಳು ಮಾತಾಡುವ ರೇಡಿಯೋ ಪದ್ಧತಿಯ ಸಿಗ್ನಲ್‌ಗೆ ಆ ಗೋಡೆಗಳು ದೊಡ್ಡ ಅಡ್ಡಿ. ಜಿಗ್‌ಬೀ ಕೂಡ ವೈಫೈ ಥರಾನೇ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ, ಅದೂ ತುಂಬಾ ಕಡಿಮೆ ಶಕ್ತಿಯಲ್ಲಿ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿಹೋಗುತ್ತದೆ.

ಮೊದಲು ತಂದದ್ದು ಒಂದು ಕಂಪನಿಯ ಸಾಧಾರಣ ಹಬ್. ಹಜಾರದಲ್ಲಿ ಟೀವಿ ಹಿಂದೆ ಇಟ್ಟೆ. ಮುಂಬಾಗಿಲ ಸೆನ್ಸರ್ ಚೆನ್ನಾಗಿ ಕೆಲಸ ಮಾಡಿತು. ಬಚ್ಚಲ ಹತ್ತಿರದ ಮೋಷನ್ ಸೆನ್ಸರ್ ಎರಡು ದಿನ ಇರುತ್ತಿತ್ತು, ಮೂರನೇ ದಿನ ಮಾಯ. ಸರಿ, ಅದೇ ಕಂಪನಿಯ ಇನ್ನೊಂದು ಹಬ್ ತಂದು ನಡುಮನೆಯಲ್ಲಿ ಇಟ್ಟೆ. ವೈಫೈ ಎಕ್ಸ್‌ಟೆಂಡರ್ ಥರ ಇದು ಮೊದಲಿನದರ ಕೈ ಹಿಡಿದುಕೊಳ್ಳುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಸೆನ್ಸರ್ ಎಂಟು ಅಡಿ ದೂರದ ಹೊಸ ಹಬ್ ಕಡೆ ತಿರುಗಿಯೂ ನೋಡಲಿಲ್ಲ, ಹಜಾರದ ಹಬ್ಬನ್ನೇ ಹುಡುಕುತ್ತಾ ಬ್ಯಾಟರಿ ಮುಗಿಸಿಕೊಂಡಿತು.

ಕಾರಣ ಇಷ್ಟೇ. ಜಿಗ್‌ಬೀಯಲ್ಲಿ ಒಂದು ನೆಟ್‌ವರ್ಕ್‌ಗೆ ಒಂದೇ ಕೋಆರ್ಡಿನೇಟರ್, ಅಂದರೆ ನೆಟ್‌ವರ್ಕ್ ಕಟ್ಟಿ ನಡೆಸುವ ಯಜಮಾನ. ಹಬ್ ಮಾಡುವ ಕೆಲಸ ಅದೇ. ಎರಡನೇ ಹಬ್ ತಂದರೆ ಅದು ಎರಡನೇ ನೆಟ್‌ವರ್ಕ್. ಅದರ ಗುರುತು ಬೇರೆ, ಬೀಗದ ಕೈ ಬೇರೆ. ಮೊಬೈಲ್ ಫೋನು ಟವರ್‌ನಿಂದ ಟವರ್‌ಗೆ ಹಾರುವ ಹಾಗೆ ಜಿಗ್‌ಬೀ ಸೆನ್ಸರ್ ಹಬ್‌ನಿಂದ ಹಬ್‌ಗೆ ಹಾರುವುದಿಲ್ಲ. ಮೊದಲಿನದರಿಂದ ತೆಗೆದು, ರೀಸೆಟ್ ಮಾಡಿ, ಎರಡನೆಯದಕ್ಕೆ ಸೇರಿಸಬೇಕು. ನಾನು ಅದನ್ನೂ ಮಾಡಿದೆ. ಆಗ ಇನ್ನೊಂದು ತೊಂದರೆ ಶುರುವಾಯಿತು. ಸೆನ್ಸರ್ ಒಂದು ಹಬ್‌ನಲ್ಲಿ, ಬಲ್ಬ್ ಇನ್ನೊಂದರಲ್ಲಿ. ಎರಡೂ ಮಾತಾಡಬೇಕಾದರೆ ಆ ಕಂಪನಿಯ ಸರ್ವರ್‌ಗೆ ಹೋಗಿ ಬರಬೇಕಿತ್ತು. ಒಂದು ರಾತ್ರಿ ಇಂಟರ್ನೆಟ್ ಇರಲಿಲ್ಲ, ಲೈಟ್ ಹತ್ತಲಿಲ್ಲ. ಅಮ್ಮ ಗೋಡೆ ಹಿಡಿದುಕೊಂಡೇ ಇಳಿದು ಬಂದರು. ಏನೂ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗಿರುವ ವ್ಯವಸ್ಥೆ ಹೀಗಿದೆ. ತಲೆ ಒಂದೇ: ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಹೋಮ್ ಅಸಿಸ್ಟೆಂಟ್, ಅಂದರೆ ಎಲ್ಲವನ್ನೂ ನಡೆಸುವ ಸಾಫ್ಟ್‌ವೇರ್. ಕಿವಿ ಮೂರು: ಹಜಾರದಲ್ಲಿ ಒಂದು, ನಡುಮನೆಯಲ್ಲಿ ಒಂದು, ಔಟ್‌ಹೌಸ್‌ನಲ್ಲಿ ಒಂದು ಜಿಗ್‌ಬೀ ಕೋಆರ್ಡಿನೇಟರ್. ಹಜಾರದ್ದು ಯುಎಸ್‌ಬಿ ಡಾಂಗಲ್ (ಪೆನ್‌ಡ್ರೈವ್ ಥರದ್ದು), ಇನ್ನೆರಡು ಈಥರ್ನೆಟ್ ಕೇಬಲ್ ಚುಚ್ಚುವಂಥವು. ಮೂರಕ್ಕೂ ಒಂದೊಂದು ಜಿಗ್‌ಬೀ2ಎಂಕ್ಯೂಟಿಟಿ (ಜಿಗ್‌ಬೀ ಸಂದೇಶಗಳನ್ನು ಹೋಮ್ ಅಸಿಸ್ಟೆಂಟ್‌ಗೆ ತಲುಪಿಸುವ ಸಾಫ್ಟ್‌ವೇರ್) ಓಡುತ್ತದೆ, ಸಂದೇಶಗಳು ಕಲೆಯದ ಹಾಗೆ ಒಂದೊಂದಕ್ಕೂ ಬೇರೆ ಬೇರೆ ಟಾಪಿಕ್ ಹೆಸರು. ಮೂರು ನೆಟ್‌ವರ್ಕ್ ಬೇರೆ ಬೇರೆಯೇ ಇರುತ್ತವೆ, ಆದರೆ ಹೋಮ್ ಅಸಿಸ್ಟೆಂಟ್‌ಗೆ ಎಲ್ಲಾ ಒಂದೇ ಮನೆಯ ವಸ್ತುಗಳು. ನಡುಮನೆಯ ಸೆನ್ಸರ್ ಹಜಾರದ ಲೈಟ್ ಹತ್ತಿಸಬಹುದು. ಮಾತು ಗೋಡೆ ದಾಟುವುದು ಗಾಳಿಯಲ್ಲಿ ಅಲ್ಲ, ತಂತಿಯಲ್ಲಿ. ಇಂಟರ್ನೆಟ್ ಹೋದರೂ ನಡೆಯುತ್ತದೆ. ಹಬ್ ಜಾಸ್ತಿ ಇದ್ದರೆ ಉಪಯೋಗ ಆಗುವುದು ಹೀಗೆ ಜೋಡಿಸಿದಾಗ ಮಾತ್ರ.

ಚಾನೆಲ್ ವಿಷಯ ಇಲ್ಲಿ ತುಂಬಾ ಮುಖ್ಯ. ಜಿಗ್‌ಬೀಗೆ 11ರಿಂದ 26ರವರೆಗೆ ಒಟ್ಟು 16 ಚಾನೆಲ್ ಇವೆ. ಮನೆಯ ವೈಫೈಯನ್ನು ಅದರದೇ 1, 6, 11 ಚಾನೆಲ್‌ಗಳಲ್ಲಿ ಇಟ್ಟುಕೊಂಡರೆ ನಡುವೆ ಉಳಿಯುವ ಸಂದುಗಳು ಜಿಗ್‌ಬೀಯ 15, 20, 25. ನನ್ನ ಮೂರು ನೆಟ್‌ವರ್ಕ್‌ಗೆ ಸರಿಯಾಗಿ ಅವೇ ಮೂರು. ಮೊದಲು ಎರಡು ಹಬ್ಬೂ 11ರಲ್ಲೇ ಕೂತಿದ್ದವು, ವೈಫೈಯೂ ತನ್ನ 1ರಲ್ಲಿತ್ತು. ವೈಫೈಯ 1 ಜಿಗ್‌ಬೀಯ 11ರ ಮೇಲೇ ಬರುತ್ತದೆ. ಎಲ್ಲರೂ ಒಂದೇ ಗಲ್ಲಿಯಲ್ಲಿ ನುಗ್ಗಿದ ಹಾಗೆ. ಒಂದು ಎಚ್ಚರಿಕೆ: ಚಾನೆಲ್ ಆಮೇಲೆ ಬದಲಾಯಿಸಿದರೆ ಕೆಲವು ಸೆನ್ಸರ್‌ಗಳನ್ನು ಮತ್ತೆ ಸೇರಿಸಬೇಕಾಗುತ್ತದೆ. ಹಾಗಾಗಿ ಮೊದಲೇ ಯೋಚಿಸಿ ಇಡಿ. ಹೊಸ ವಸ್ತು ಸೇರಿಸುವಾಗಲೂ ಒಂದು ಸಲಕ್ಕೆ ಒಂದೇ ಹಬ್‌ನ ಬಾಗಿಲು ತೆರೆಯಿರಿ. ಮೂರೂ ತೆರೆದಿದ್ದರೆ ಅದು ಯಾವುದಕ್ಕೆ ಹೋಗಿ ಸೇರುತ್ತದೋ ಹೇಳಕ್ಕಾಗಲ್ಲ.

ಡಾಂಗಲ್‌ನ್ನು ನೇರ ಪೈಗೆ ಚುಚ್ಚಬೇಡಿ. ಯುಎಸ್‌ಬಿ 3 ಪೋರ್ಟು ಮತ್ತು ಅದಕ್ಕೆ ಹಾಕಿದ ಎಸ್‌ಎಸ್‌ಡಿ (ಡೇಟಾ ಇಡುವ ಡ್ರೈವ್) 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಎಬ್ಬಿಸುತ್ತವೆ. ಒಂದು ಮೀಟರ್ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಡಾಂಗಲ್‌ನ್ನು ಟೀವಿ ಹಿಂದಿನಿಂದ ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟೆ. ಮುಂಬಾಗಿಲ ಸೆನ್ಸರ್‌ನ ಲಿಂಕ್ ಕ್ವಾಲಿಟಿ (ಸಿಗ್ನಲ್ ಎಷ್ಟು ಚೆನ್ನಾಗಿದೆ ಅನ್ನೋ ಅಂಕೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು) 40ರ ಆಸುಪಾಸಿನಲ್ಲಿದ್ದದ್ದು 130 ದಾಟಿತು. ಹೊಸ ಹಬ್ ಕೊಳ್ಳುವ ಮೊದಲು ಈ ಕೇಬಲ್ ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ರೂಟರ್‌ಗಳ ವಿಷಯ. ಇಲ್ಲಿ ವೈಫೈ ರೂಟರ್ ಅಲ್ಲ. ಜಿಗ್‌ಬೀಯಲ್ಲಿ ಕರೆಂಟ್ ಮೇಲೆ ನಡೆಯುವ ಪ್ಲಗ್, ಬಲ್ಬ್, ರಿಲೇಗಳಲ್ಲಿ (ರಿಲೇ ಅಂದರೆ ಸಂದೇಶ ಬಂದಾಗ ತಾನೇ ಹಾಕಿ ಆರಿಸುವ ಸ್ವಿಚ್) ಹೆಚ್ಚಿನವು ಪಕ್ಕದವರ ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿ ಸೆನ್ಸರ್ ದಾಟಿಸುವುದಿಲ್ಲ. ಆದ್ದರಿಂದ ನಿಜವಾಗಿ ರೇಂಜ್ ಬೆಳೆಸುವುದು ಈ ಪ್ಲಗ್‌ಗಳೇ. ಆದರೆ ನಮ್ಮ ಕಡೆ ಪ್ರತಿ ಸಾಕೆಟ್‌ಗೂ ಒಂದು ಸ್ವಿಚ್ ಇರುತ್ತದೆ, ಅಲ್ವಾ? ಕೆಲಸ ಇಲ್ಲದಿದ್ದರೆ ಸ್ವಿಚ್ ಆರಿಸಬೇಕು ಅನ್ನೋದು ಅಮ್ಮನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅದು ಒಳ್ಳೆಯ ಅಭ್ಯಾಸವೇ. ಅವರು ಪ್ಲಗ್ ಆರಿಸಿದ ಕೂಡಲೇ ಅದನ್ನು ನೆಚ್ಚಿಕೊಂಡ ಸೆನ್ಸರ್‌ಗಳು ತಬ್ಬಲಿ ಆಗುತ್ತಿದ್ದವು. ಕೆಲವು ಬೇರೆ ದಾರಿ ಹುಡುಕಿಕೊಳ್ಳುತ್ತವೆ, ಕೆಲವು ಹಳೇ ದಾರಿಗೇ ಅಂಟಿಕೊಂಡು ಕೂರುತ್ತವೆ.

ಇದಕ್ಕೆ ಕೊನೆಗೆ ಸಿಕ್ಕಿದ ಪರಿಹಾರ ಸ್ವಿಚ್‌ಬೋರ್ಡ್ ಒಳಗೇ ಕೂರುವ ರಿಲೇ ಮಾಡ್ಯೂಲ್. ಹೊರಗಿನ ಸ್ವಿಚ್ ಆರಿಸಿದರೂ ಅದಕ್ಕೆ ಕರೆಂಟ್ ಇದ್ದೇ ಇರುತ್ತದೆ. ನ್ಯೂಟ್ರಲ್ ತಂತಿ ಬೇಕಾದ ಮಾದರಿಯನ್ನೇ ತಗೊಳ್ಳಿ. ನ್ಯೂಟ್ರಲ್ ಬೇಡದವು ಸಾಮಾನ್ಯವಾಗಿ ಸಂದೇಶ ದಾಟಿಸುವುದಿಲ್ಲ. ನಮ್ಮ ಬೋರ್ಡ್‌ಗಳಲ್ಲಿ ಸ್ವಿಚ್ ಜೊತೆಗೇ ಒಂದು ಸಾಕೆಟ್ ಇರುವುದರಿಂದ ನ್ಯೂಟ್ರಲ್ ಬಹುಮಟ್ಟಿಗೆ ಇದ್ದೇ ಇರುತ್ತದೆ. ನಮ್ಮ ಹಳೇ ಮರದ ಬೋರ್ಡ್‌ಗಳು ಇಲ್ಲಿ ವರವಾದವು. ಮರದಿಂದ ಸಿಗ್ನಲ್ ಸಲೀಸಾಗಿ ಹೊರಗೆ ಬರುತ್ತದೆ. ಹೊಸದಾಗಿ ಕಟ್ಟಿದ ಬಚ್ಚಲಲ್ಲಿ ಗೋಡೆಯೊಳಗೆ ತಗಡಿನ ಬಾಕ್ಸ್ ಇತ್ತು, ಅದರೊಳಗಿನ ಮಾಡ್ಯೂಲ್ ಅರ್ಧ ಕಿವುಡಾಗಿತ್ತು. ಬಾಕ್ಸ್‌ನ್ನು ಪ್ಲಾಸ್ಟಿಕ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಮಾಡ್ಯೂಲ್ ಕೂರಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಮತ್ತೊಂದು, ಯಾವ ಪುಸ್ತಿಕೆಯಲ್ಲೂ ಬರೆಯದ ಮಾತು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಲೈಟು, ಫ್ಯಾನಿನ ಲೈನು ಅದರ ಮೇಲಿರುತ್ತದೆ, ಪವರ್ ಪಾಯಿಂಟ್ ಇರುವುದಿಲ್ಲ. ಕರೆಂಟ್ ಹೋದ ಕೂಡಲೇ ಪವರ್ ಪಾಯಿಂಟ್‌ನ ಪ್ಲಗ್‌ಗಳೆಲ್ಲ ಸಾಯುತ್ತವೆ, ನೆಟ್‌ವರ್ಕ್ ನಡುವಿನಿಂದ ಹರಿದುಹೋಗುತ್ತದೆ. ಕರೆಂಟ್ ಬಂದ ಮೇಲೂ ಎಲ್ಲ ಜೋಡಿಕೊಳ್ಳಲು ಸಮಯ ಬೇಕು. ಅಮ್ಮನಿಗೆ ಲೈಟ್ ಬೇಕಾಗುವುದು ಕರೆಂಟ್ ಇಲ್ಲದ ರಾತ್ರಿಯಲ್ಲೇ ಜಾಸ್ತಿ. ಈಗ ದಾರಿಯಲ್ಲಿರುವ ರಿಲೇಗಳು, ಪೈ, ಮೂರು ಕೋಆರ್ಡಿನೇಟರ್, ಈಥರ್ನೆಟ್ ಕೇಬಲ್‌ಗಳನ್ನು ಕೂಡಿಸುವ ನೆಟ್‌ವರ್ಕ್ ಸ್ವಿಚ್ ಎಲ್ಲಾ ಇನ್ವರ್ಟರ್ ಲೈನಿನಲ್ಲಿವೆ. ಇದಾದ ಮೇಲೆ ಆ ಲೈಟ್ ನಿಂತದ್ದು ಎರಡೇ ಸಲ. ಒಮ್ಮೆ ಸೆನ್ಸರ್ ಬ್ಯಾಟರಿ ಮುಗಿದಿತ್ತು, ಒಮ್ಮೆ ಪೈನ ಮೆಮೊರಿ ಕಾರ್ಡ್ ಕೆಟ್ಟಿತ್ತು. ಕಾರ್ಡ್ ಬಿಟ್ಟು ಎಸ್‌ಎಸ್‌ಡಿಗೆ ಹೋದದ್ದು ಆಗಲೇ.

ಔಟ್‌ಹೌಸ್‌ನ ಹಬ್ ಬೇಕೇ ಬೇಕಿತ್ತಾ ಅಂತ ಕೇಳಬಹುದು. ನಡುವೆ 40 ಅಡಿ ಬಯಲು, ಒಂದು ಹಲಸಿನ ಮರ, ಆಚೆ ಮತ್ತೆ ದಪ್ಪ ಗೋಡೆ. ರೂಟರ್ ಇಡೋಣ ಅಂದರೆ ಹಿತ್ತಲಲ್ಲಿ ಮಳೆಗೆ ನೆನೆಯದ ಜಾಗ ಇಲ್ಲ. ಅಲ್ಲಿಗೆ ಈಥರ್ನೆಟ್ ಎಳೆದು ಮೂರನೇ ಕೋಆರ್ಡಿನೇಟರ್ ಇಟ್ಟದ್ದು ನಾನು ಮಾಡಿದ ಒಳ್ಳೆ ಕೆಲಸ. ತಾಮ್ರದ ಕೇಬಲ್ ಎಳೆದದ್ದು ತಪ್ಪು. ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಸಂಜೆ ಹತ್ತಿರದಲ್ಲೇ ಸಿಡಿಲು ಬಡಿಯಿತು. ನೆಟ್‌ವರ್ಕ್ ಸ್ವಿಚ್‌ನ ಎರಡು ಪೋರ್ಟ್ ಮತ್ತು ಕೋಆರ್ಡಿನೇಟರ್ ಸುಟ್ಟುಹೋದವು. ಈಗ ಅಲ್ಲಿಗೆ ಫೈಬರ್ ಹೋಗುತ್ತದೆ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ತಂತಿಯ ಸಿಗ್ನಲ್‌ಗೆ ಬದಲಿಸುವ ಪೆಟ್ಟಿಗೆ). ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಎರಡು ಕಟ್ಟಡದ ನಡುವೆ ತಂತಿ ಎಳೆಯುವವರು ಮೊದಲೇ ಹೀಗೆ ಮಾಡಿ.

ಆ ಹಬ್‌ನಿಂದ ಸಂಪಿನ ಮೋಟರ್ ನಡೆಯುತ್ತದೆ. ನೀರು ಬಿಡುವುದು ಬೆಳಗಿನ ಜಾವ. ಸಂಪು ತುಂಬಿದಾಗ ಫೋನಿಗೆ ಸುದ್ದಿ ಬರುತ್ತದೆ, ಮೇಲಿನ ಟ್ಯಾಂಕ್ ತುಂಬಿದರೆ ಮೋಟರ್ ನಿಲ್ಲುತ್ತದೆ. ರಿಲೇಯನ್ನು ನೇರ ಮೋಟರ್‌ಗೆ ಕೊಡಬೇಡಿ. ಸ್ಟಾರ್ಟ್ ಆಗುವಾಗ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ನಡುವೆ ಕಾಂಟ್ಯಾಕ್ಟರ್ (ಅಷ್ಟು ಕರೆಂಟ್ ತಾಳುವ ದೊಡ್ಡ ಸ್ವಿಚ್) ಇರಲಿ. ಇನ್ನೊಂದು ವಿಷಯ ಕಣ್ಣಾರೆ ಕಂಡದ್ದು: ಟ್ಯಾಂಕಿನ ಸೆನ್ಸರ್ ಮೊದಲು ಟ್ಯಾಂಕಿನ ಆಚೆ ಬದಿಯಲ್ಲಿತ್ತು. ಟ್ಯಾಂಕ್ ಖಾಲಿ ಇದ್ದಾಗ ಸಿಗ್ನಲ್ ಬರುತ್ತಿತ್ತು, ತುಂಬಿದಾಗ ಹೋಗುತ್ತಿತ್ತು. ನೀರು ಈ ಸಿಗ್ನಲ್‌ನ್ನು ಹೀರಿಕೊಳ್ಳುತ್ತದೆ. ಈಚೆ ಬದಿಗೆ ತಂದೆ, ಅಷ್ಟೇ.

ಆಗದ ಕೆಲಸಗಳೂ ಇವೆ. ಒಂದು ರಿಮೋಟ್‌ನ್ನು ನೇರವಾಗಿ ಬಲ್ಬ್‌ಗೆ ಕಟ್ಟಿಹಾಕುವ ಬೈಂಡಿಂಗ್ ಒಂದೇ ನೆಟ್‌ವರ್ಕ್ ಒಳಗೆ ಮಾತ್ರ ಆಗುತ್ತದೆ. ಹಲವು ಬಲ್ಬ್‌ಗಳನ್ನು ಒಟ್ಟಿಗೆ ಹತ್ತಿಸುವ ಗ್ರೂಪ್ ಕೂಡ ಹಾಗೆಯೇ. ಪೈ ನಿಂತರೆ ಹಬ್‌ಗಳ ನಡುವಿನ ಮಾತು ನಿಲ್ಲುತ್ತದೆ. ಆದ್ದರಿಂದ ಅಮ್ಮನ ದಾರಿಯ ಸೆನ್ಸರ್ ಮತ್ತು ಲೈಟ್ ಎರಡನ್ನೂ ನಡುಮನೆಯ ಹಬ್‌ನಲ್ಲೇ ಇಟ್ಟಿದ್ದೇನೆ, ಈಗ ಸೆನ್ಸರ್‌ನ್ನು ರಿಲೇಗೆ ನೇರ ಬೈಂಡ್ ಮಾಡಿದ್ದೇನೆ. ಹೊಸ್ತಿಲ ಮೇಲೆ ಕಾಲಿಟ್ಟರೆ ಬೋರ್ಡಿನೊಳಗೆ ಟಕ್ ಅಂತ ರಿಲೇ ಶಬ್ದ ಬರುತ್ತದೆ, ಮೆಟ್ಟಿಲ ಮೇಲೆ ಬೆಳಕು ಬೀಳುತ್ತದೆ. ಅಮ್ಮ ಈಗ ಆ ಶಬ್ದಕ್ಕೆ ಒಂದು ಕ್ಷಣ ಕಾದು ಆಮೇಲೆ ಕಾಲು ಇಳಿಸುತ್ತಾರೆ.

ಅಮೆರಿಕದಿಂದ ಬರುವ ನೆಂಟರ ಹತ್ತಿರ ಜೀ-ವೇವ್ (ಜಿಗ್‌ಬೀ ಥರದ ಇನ್ನೊಂದು ರೇಡಿಯೋ ಪದ್ಧತಿ) ಹಬ್ ತರಿಸುವವರಿಗೆ ಒಂದು ಮಾತು. ಅದರ ಸಿಗ್ನಲ್ ಗೋಡೆಯನ್ನು ಚೆನ್ನಾಗಿ ದಾಟುತ್ತದೆ ಅನ್ನೋದು ನಿಜ. ಆದರೆ ಅಲ್ಲಿಯದು 908 ಮೆಗಾಹರ್ಟ್ಸ್, ನಮ್ಮ ದೇಶಕ್ಕೆ ಗೊತ್ತುಮಾಡಿರುವುದು 865. ಎರಡೂ ಸೇರಲ್ಲ, ಇಲ್ಲಿ ಅದನ್ನು ಬಳಸುವ ಹಾಗೂ ಇಲ್ಲ. ಇವತ್ತು ಹೊಸದಾಗಿ ಶುರುಮಾಡುವವರು ಮ್ಯಾಟರ್ (ಬೇರೆ ಬೇರೆ ಕಂಪನಿಯ ವಸ್ತುಗಳಿಗೆ ಒಂದೇ ಭಾಷೆ) ಮತ್ತು ಥ್ರೆಡ್ (ಜಿಗ್‌ಬೀ ಥರದ ಹೊಸ ರೇಡಿಯೋ ನೆಟ್‌ವರ್ಕ್) ಕಡೆಯೂ ನೋಡಿ. ಥ್ರೆಡ್‌ನಲ್ಲಿ ಹಲವು ಬಾರ್ಡರ್ ರೂಟರ್‌ಗಳು ಒಂದೇ ನೆಟ್‌ವರ್ಕ್‌ನ ಬಾಗಿಲುಗಳ ಹಾಗೆ ಕೆಲಸ ಮಾಡಬಹುದು. ನಾನು ಎರಡನೇ ಹಬ್ ಕೊಂಡಾಗ ಬಯಸಿದ್ದು ಅದನ್ನೇ. ಆದರೆ ಅವೆಲ್ಲ ಒಂದೇ ನೆಟ್‌ವರ್ಕ್‌ಗೆ ಸೇರಿವೆಯಾ ಅಂತ ನೋಡಿಕೊಳ್ಳಿ. ಬೇರೆ ಬೇರೆ ಕಂಪನಿಯವು ತಮ್ಮದೇ ನೆಟ್‌ವರ್ಕ್ ಕಟ್ಟಿಕೊಂಡು ಕೂತರೆ ಮತ್ತೆ ಹಳೇ ಕಥೆ.

ಖರ್ಚು ನನಗೆ ಇಲ್ಲಿಯವರೆಗೆ ಸುಮಾರು 38,000 ರೂಪಾಯಿ, ಸಿಡಿಲಿಗೆ ಹೋದದ್ದೂ ಸೇರಿ. ಹೋಮ್ ಅಸಿಸ್ಟೆಂಟ್‌ಗೆ ದುಡ್ಡಿಲ್ಲ, ಆದರೆ ಕಲಿಯುವುದಕ್ಕೆ ಭಾನುವಾರಗಳನ್ನು ಕೊಡಬೇಕು.

ಮಂಡ್ಯದ ಕಲ್ಲಹಳ್ಳಿಯಲ್ಲಿರುವ ತಮ್ಮ ಇದನ್ನೆಲ್ಲ ನೋಡಿ ತನಗೂ ಎರಡು ಹಬ್ ಬೇಕು ಅಂದ. ಕಳೆದ ತಿಂಗಳು ಹೋಗಿ ನೋಡಿದೆ. 30-40 ಸೈಟಿನ ಎರಡು ಅಂತಸ್ತಿನ ಮನೆ, ಒಳಗೋಡೆ ನಾಲ್ಕೂವರೆ ಇಂಚು. ಹಬ್ಬನ್ನು ಕೆಳಗಿನ ಕೋಣೆಯಲ್ಲಿ ಕಬ್ಬಿಣದ ಬೀರುವಿನ ಮೇಲೆ ಇಟ್ಟಿದ್ದ. ಅಲ್ಲಿಂದ ತೆಗೆದು ಮೆಟ್ಟಿಲ ಹತ್ತಿರ ಮನೆಯ ಮಧ್ಯಕ್ಕೆ ತಂದೆವು, ಮೇಲೆ ಟೆರೇಸ್ ಬಾಗಿಲ ಪಕ್ಕ ಒಂದು ಸ್ಮಾರ್ಟ್ ಪ್ಲಗ್ ಹಾಕಿದೆವು. ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಟೆರೇಸಿನ ಟ್ಯಾಂಕ್ ಸೆನ್ಸರ್ ಆ ಪ್ಲಗ್ ಮೂಲಕ ಸೇರಿಕೊಂಡಿತು. ಎರಡನೇ ಹಬ್‌ಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಅವನು ಒಂದು ಚಿಕ್ಕ ಯುಪಿಎಸ್ ತಗೊಂಡ.