ಫುಟ್‌ಬಾಲ್ ಅರ್ಥಶಾಸ್ತ್ರದ ಹತ್ತು ವಾರಗಳು: ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಶ್ರಮ ಮಾರುಕಟ್ಟೆಯ ಅಧ್ಯಾಯಕ್ಕೆ ಬಂದಾಗಲೆಲ್ಲ ಒಂದು ತೊಡಕು ಎದುರಾಗುತ್ತದೆ. ಕಾರ್ಮಿಕನಿಗೆ ಅವನ ಸೀಮಾಂತ ಉತ್ಪನ್ನಕ್ಕೆ, ಅಂದರೆ ಅವನೊಬ್ಬ ಸೇರಿದ್ದರಿಂದ ಹೆಚ್ಚಿದ ಉತ್ಪನ್ನಕ್ಕೆ, ತಕ್ಕ ಕೂಲಿ ಸಿಗುತ್ತದೆ ಎಂದು ಹಲಗೆಯ ಮೇಲೆ ರೇಖೆ ಎಳೆಯುವುದು ಸುಲಭ. ಆದರೆ ಒಬ್ಬ ಗುಮಾಸ್ತನ ಅಥವಾ ಒಬ್ಬ ಮೇಷ್ಟರ ಸೀಮಾಂತ ಉತ್ಪನ್ನ ಇಷ್ಟು ಎಂದು ತೋರಿಸಲು ಯಾರಿಂದಲೂ ಆಗದು. ಆಟಗಾರನ ವಿಷಯದಲ್ಲಿ ಮಾತ್ರ ಅವನು ಎಷ್ಟು ಓಡಿದ, ಎಷ್ಟು ಗೋಲು ಹೊಡೆದ, ಎಷ್ಟು ಹಣಕ್ಕೆ ಯಾವ ಕ್ಲಬ್‌ನಿಂದ ಯಾವ ಕ್ಲಬ್‌ಗೆ ಹೋದ ಎಂಬ ಎಲ್ಲ ಲೆಕ್ಕವೂ ಊರಿಗೆಲ್ಲ ತಿಳಿದಿರುತ್ತದೆ. ಈ ಒಂದು ಕಾರಣಕ್ಕೆ ನಾನು ಈ ಮಳೆಗಾಲದಲ್ಲಿ ಹೊರದೇಶದ ವಿಶ್ವವಿದ್ಯಾಲಯವೊಂದು ಆನ್‌ಲೈನ್‌ನಲ್ಲಿ ನಡೆಸುವ, ಫುಟ್‌ಬಾಲ್ ಅರ್ಥಶಾಸ್ತ್ರವನ್ನೇ ಪೂರ್ಣ ವಿಷಯವಾಗಿಟ್ಟುಕೊಂಡ ಹತ್ತು ವಾರಗಳ ಕೋರ್ಸಿಗೆ ಸೇರಿದೆ. ಸೇರಬೇಕೆಂದಿರುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ನನ್ನ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ವಾರದ ಪಾಠವೇ ನನ್ನನ್ನು ಹಿಡಿದು ಕೂರಿಸಿತು. 1964ರಲ್ಲಿ ವಾಲ್ಟರ್ ನೀಲ್ ಎಂಬ ಅರ್ಥಶಾಸ್ತ್ರಜ್ಞ ಬರೆದ ಲೇಖನವೊಂದರಿಂದ ಅದು ಆರಂಭವಾಗುತ್ತದೆ. ಬೇರೆ ವ್ಯಾಪಾರಗಳಲ್ಲಿ ಪ್ರತಿಸ್ಪರ್ಧಿ ಇಲ್ಲದಿರುವುದೇ ಲಾಭ, ಕ್ರೀಡೆಯಲ್ಲಿ ಮಾತ್ರ ಪ್ರತಿಸ್ಪರ್ಧಿ ಬಲಿಷ್ಠನಾಗಿದ್ದರೇ ಲಾಭ ಎಂಬುದು ಅವರ ವಾದ. ಬಾಕ್ಸಿಂಗ್ ಪಟು ಜೋ ಲೂಯಿಸ್‌ಗೆ ಮ್ಯಾಕ್ಸ್ ಶ್ಮೆಲಿಂಗ್‌ನಂಥ ಎದುರಾಳಿ ಬೇಕಿತ್ತು, ಎದುರಾಳಿ ದುರ್ಬಲನಾದಷ್ಟೂ ಗೆದ್ದವನ ಗಳಿಕೆಯೂ ಕುಗ್ಗುತ್ತಿತ್ತು. ತಾಳಮದ್ದಲೆ ಕೇಳಿ ಬೆಳೆದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಧಾನದ ಪ್ರಸಂಗದಲ್ಲಿ ಕೃಷ್ಣನ ಅರ್ಥಧಾರಿ ಎಷ್ಟೇ ಚೆನ್ನಾಗಿ ಮಾತನಾಡಲಿ, ಇದಿರಿನ ಕೌರವ ಸಪ್ಪೆಯಾದರೆ ಕೂಟ ಕಳೆಗಟ್ಟುವುದಿಲ್ಲ. ಪಕ್ಕದ ಅಂಗಡಿ ಬಾಗಿಲು ಹಾಕಿದರೆ ಗಾಂಧಿ ಬಜಾರಿನ ವ್ಯಾಪಾರಿಗೆ ಗಿರಾಕಿ ಹೆಚ್ಚಬಹುದು. ಎದುರು ತಂಡವೇ ಇಲ್ಲವಾದರೆ ಫುಟ್‌ಬಾಲ್ ಕ್ಲಬ್ಬಿಗೆ ಮಾರಲು ಪಂದ್ಯವೇ ಇರುವುದಿಲ್ಲ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ತನ್ನ ದೇಶದೊಳಗಿನ ಟಿ.ವಿ. ಹಕ್ಕಿನ ಹಣದಲ್ಲಿ ಅರ್ಧವನ್ನು ಎಲ್ಲ ಕ್ಲಬ್‌ಗಳಿಗೂ ಸಮನಾಗಿ ಹಂಚುವುದು, ಒಟ್ಟು ಹಣದ ಕಾಲು ಭಾಗವನ್ನು ಅಂಕಪಟ್ಟಿಯ ಸ್ಥಾನಕ್ಕೆ ತಕ್ಕಂತೆಯೂ ಇನ್ನು ಕಾಲು ಭಾಗವನ್ನು ನೇರ ಪ್ರಸಾರವಾದ ಪಂದ್ಯಗಳ ಸಂಖ್ಯೆಗೆ ತಕ್ಕಂತೆಯೂ ಕೊಡುವುದು ಏಕೆ ಎಂಬುದನ್ನು ಇದೇ ತತ್ತ್ವದಿಂದ ವಿವರಿಸುವ ರೀತಿ ಮೆಚ್ಚುವಂಥದ್ದು. ಫಲಿತಾಂಶದ ಅನಿಶ್ಚಿತತೆಯೊಂದೇ ಜನರನ್ನು ಮೈದಾನಕ್ಕೆ ಎಳೆಯುವುದಿಲ್ಲ, ಬಹಳಷ್ಟು ಜನ ಬರುವುದು ತಮ್ಮ ತಂಡ ಗೆಲ್ಲುವುದನ್ನು ನೋಡಲಿಕ್ಕೆ ಎಂಬ ಪ್ರತಿವಾದವನ್ನೂ ಪ್ರಾಧ್ಯಾಪಕರು ಮುಚ್ಚಿಡದೆ ಮುಂದಿಟ್ಟರು.

ಶ್ರಮ ಮಾರುಕಟ್ಟೆಗೆ ಮೀಸಲಾದ ಮೂರು ವಾರಗಳು ಇಡೀ ಕೋರ್ಸಿನ ತಿರುಳು. ಇಂಗ್ಲೆಂಡಿನಲ್ಲಿ 1961ರವರೆಗೆ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಆ ಮಿತಿ ಹೋದ ಕೂಡಲೇ ಫುಲ್‌ಹ್ಯಾಮ್ ಕ್ಲಬ್ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಕೊಟ್ಟಿತು. ಐದು ಪಟ್ಟಿನ ಈ ಜಿಗಿತದಲ್ಲಿ, ಏಕಗ್ರಾಹಕನೊಬ್ಬ, ಅಂದರೆ ಶ್ರಮವನ್ನು ಕೊಳ್ಳುವ ಏಕೈಕ ಗಿರಾಕಿ, ಕೂಲಿಯನ್ನು ಎಷ್ಟರಮಟ್ಟಿಗೆ ಅದುಮಿಡಬಲ್ಲ ಎಂಬುದು ರೇಖಾಚಿತ್ರದ ನೆರವಿಲ್ಲದೆ ಕಾಣುತ್ತದೆ. ಅಲ್ಲಿಂದ ಪಾಠ ಬೆಲ್ಜಿಯಂನ ಆಟಗಾರ ಜಾನ್‌ಮಾರ್ಕ್ ಬೋಸ್ಮನ್ ಪ್ರಕರಣಕ್ಕೆ ಸಾಗುತ್ತದೆ. 1990ರಲ್ಲಿ ಆತನ ಒಪ್ಪಂದ ಮುಗಿದಿತ್ತು. ಆದರೂ ಲಿಯೇಜ್ ಕ್ಲಬ್ ವರ್ಗಾವಣೆ ಹಣ ಕೇಳಿದ್ದರಿಂದ ಆತ ಫ್ರಾನ್ಸಿನ ಡಂಕರ್ಕ್ ಸೇರಲಾಗಲಿಲ್ಲ. ಐದು ವರ್ಷಗಳ ಹೋರಾಟದ ನಂತರ, 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯವು ಒಪ್ಪಂದ ಮುಗಿದ ಆಟಗಾರ ಹಣದ ಹಂಗಿಲ್ಲದೆ ಹೋಗಬಹುದು ಎಂದು ತೀರ್ಪಿತ್ತಿತು. ತೀರ್ಪನ್ನು ವರದಿ ಮಾಡಿ ಕೈತೊಳೆದುಕೊಳ್ಳದೆ, ಅದರಿಂದ ಯಾರ ಸಂಬಳ ಏರಿತು, ಆಟಗಾರರನ್ನು ಬೆಳೆಸಿ ಮಾರುತ್ತಿದ್ದ ಸಣ್ಣ ಕ್ಲಬ್‌ಗಳ ಆದಾಯ ಏನಾಯಿತು ಎಂದು ವಿದ್ಯಾರ್ಥಿಯಿಂದಲೇ ಹೇಳಿಸುವ ಕ್ರಮವನ್ನು ನಾನು ನನ್ನ ತರಗತಿಗೂ ತಂದುಕೊಳ್ಳಲಿದ್ದೇನೆ.

ಆರನೇ ವಾರದ ಲೆಕ್ಕದ ಅಭ್ಯಾಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಂಗ್ಲೆಂಡಿನ ಕ್ಲಬ್‌ಗಳು ತಮ್ಮ ವಾರ್ಷಿಕ ಲೆಕ್ಕಪತ್ರವನ್ನು ಸಾರ್ವಜನಿಕವಾಗಿ ಸಲ್ಲಿಸಬೇಕಾದ್ದರಿಂದ ಪ್ರತಿಯೊಂದು ಕ್ಲಬ್ ಸಂಬಳಕ್ಕೆ ಎಷ್ಟು ಖರ್ಚು ಮಾಡಿತು ಎಂಬುದು ತಿಳಿಯುತ್ತದೆ. ಇಪ್ಪತ್ತು ತಂಡಗಳ ಸಂಬಳದ ಮೊತ್ತವನ್ನು ಒಂದು ಅಕ್ಷದಲ್ಲಿಯೂ ಋತುವಿನ ಕೊನೆಯ ಸ್ಥಾನವನ್ನು ಇನ್ನೊಂದರಲ್ಲಿಯೂ ಇಟ್ಟು ಚುಕ್ಕಿ ಹಾಕುತ್ತ ಹೋಗಬೇಕು. ಹೊರಗೆ ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಅಂಕಿ ತುಂಬಿದಂತೆ ಚುಕ್ಕಿಗಳು ತಾವಾಗಿಯೇ ಒಂದು ಓರೆ ಗೆರೆಯ ಅಕ್ಕಪಕ್ಕ ಸಾಲುಗಟ್ಟತೊಡಗಿದವು. ಹೆಚ್ಚು ಸಂಬಳ ಕೊಡುವ ತಂಡ ಮೇಲಿರುತ್ತದೆ ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ 2015-16ರ ಹಾಳೆಯಲ್ಲಿ ಲೆಸ್ಟರ್ ಸಿಟಿಯ ಚುಕ್ಕಿ ಗೆರೆಯಿಂದ ಬಹುದೂರ ಒಂಟಿಯಾಗಿ ನಿಂತಿತ್ತು. ಬಾಜಿ ಕಟ್ಟುವವರು ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಎಂದಿದ್ದ ತಂಡ ಆ ವರ್ಷ ಚಾಂಪಿಯನ್ ಆಗಿತ್ತು. ಚುಕ್ಕಿಗಳಿಗೆ ಗೆರೆ ಹೊಂದಿಸುವ ಹಿಂಚಲನೆ ವಿಶ್ಲೇಷಣೆಯಲ್ಲಿ (ರಿಗ್ರೆಷನ್) ಶೇಷಾಂಶ, ಅಂದರೆ ಗೆರೆಯಿಂದ ಚುಕ್ಕಿಗಿರುವ ದೂರ, ಎಂದರೇನು ಎಂಬುದನ್ನು ನಾನು ವರ್ಷಗಳಿಂದ ಹೇಳಿಕೊಡುತ್ತಿದ್ದರೂ ಆ ಒಂಟಿ ಚುಕ್ಕಿಯಷ್ಟು ಸ್ಪಷ್ಟವಾಗಿ ಯಾವತ್ತೂ ತೋರಿಸಿರಲಿಲ್ಲ.

ಪೆನಾಲ್ಟಿ ಒದೆತದ ಮೂಲಕ ಆಟದ ಸಿದ್ಧಾಂತ (ಗೇಮ್ ಥಿಯರಿ, ಎದುರಾಳಿಯ ನಡೆಯನ್ನು ಊಹಿಸಿ ತನ್ನ ನಡೆ ಆರಿಸುವ ಶಾಸ್ತ್ರ) ಕಲಿಸುವ ಏಳನೇ ವಾರವೂ ಅಷ್ಟೇ ಚೆನ್ನಾಗಿದೆ. ಅರ್ಥಶಾಸ್ತ್ರಜ್ಞ ಇಗ್ನಾಸಿಯೊ ಪಲಾಸಿಯೋಸ್ ಹುಯೆರ್ತಾ 1,400ಕ್ಕೂ ಹೆಚ್ಚು ಪೆನಾಲ್ಟಿಗಳನ್ನು ಪರಿಶೀಲಿಸಿ, ವೃತ್ತಿಪರ ಆಟಗಾರರು ಎಡಬಲಗಳನ್ನು ಎದುರಾಳಿ ಊಹಿಸಲಾಗದಂತೆ ಬೆರೆಸುತ್ತಾರೆ ಎಂದು 2003ರಲ್ಲಿ ತೋರಿಸಿದರು. ಇದನ್ನು ಓದಿದ ವಾರವೇ ಮಳೆ ಬಿಡುವು ಕೊಟ್ಟ ಒಂದು ಸಂಜೆ ಹತ್ತು ವಿದ್ಯಾರ್ಥಿಗಳನ್ನು ಕಾಲೇಜು ಮೈದಾನಕ್ಕೆ ಕರೆದುಕೊಂಡು ಹೋಗಿ, ಪ್ರತಿಯೊಬ್ಬನಿಂದ ಆರು ಒದೆತ ಹೊಡೆಸಿ, ಪರೀಕ್ಷೆಯ ಪ್ಯಾಡಿನ ಮೇಲೆ ದಿಕ್ಕನ್ನು ಗುರುತು ಹಾಕಿದೆವು. ನಾಲ್ಕನೇ ಒದೆತಕ್ಕೇ ಗೋಲ್‌ಕೀಪರ್ ಹುಡುಗ, “ಸರ್, ಇವನು ಬಲಕ್ಕೇ ಹೊಡೀತಾನೆ, ನೋಡ್ತಾ ಇರಿ” ಎಂದು ಕೂಗಿ ಹೇಳಿ ಅದನ್ನು ತಡೆದೂಬಿಟ್ಟ. ನಡೆಗಳನ್ನು ಊಹೆಗೆ ಸಿಗದಂತೆ ಬೆರೆಸುವ ಮಿಶ್ರ ತಂತ್ರದ ಪಾಠ ಅಲ್ಲಿಗೆ ಮುಗಿದಿತ್ತು.

ಇನ್ನು ಕೊರತೆಗಳು. ಭಾರತಕ್ಕೆ ಇಡೀ ಕೋರ್ಸಿನಲ್ಲಿ ಸಿಕ್ಕಿರುವುದು ಇಪ್ಪತ್ತು ನಿಮಿಷ. ನಮ್ಮ ದೇಶದ ಕಥೆಯಲ್ಲಿ ಪಾಠವಾಗಬಲ್ಲ ವಿಷಯ ಅಷ್ಟು ಇರುವಾಗ ಇದನ್ನು ಒಪ್ಪಲಾಗದು. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳಿಗೆ 700 ಕೋಟಿ ರೂಪಾಯಿಗೆ ಒಪ್ಪಿಸಿತು. ಅಡಿಕೆ ತೋಟವನ್ನು ಖೇಣಿ (ಫಸಲಿನ ಗುತ್ತಿಗೆ) ಕೊಟ್ಟವರಿಗೆ ಇಂಥ ಒಪ್ಪಂದದ ಗುಣವೂ ಅಪಾಯವೂ ಗೊತ್ತು. ಫಸಲು ಕೈಕೊಟ್ಟರೆ ನಷ್ಟ ಖೇಣಿದಾರನದು, ಧಾರಣೆ ಏರಿದರೆ ಲಾಭವೂ ಅವನದೇ. ಆದರೆ ಯಾವ ಬೆಳೆಗಾರನೂ ಹದಿನೈದು ವರ್ಷದ ಫಸಲನ್ನು ಒಟ್ಟಿಗೆ ಖೇಣಿ ಕೊಡುವುದಿಲ್ಲ. 2014ರಲ್ಲಿ ಹುಟ್ಟಿದ ಐ.ಎಸ್.ಎಲ್. (ಇಂಡಿಯನ್ ಸೂಪರ್ ಲೀಗ್) ಬಹುಕಾಲ ಬಡ್ತಿ ಹಿಂಬಡ್ತಿ ಇಲ್ಲದ ಮುಚ್ಚಿದ ಲೀಗ್ ಆಗಿತ್ತು. ಐ-ಲೀಗ್ ಎಂಬ ದೇಶದ ಇನ್ನೊಂದು ಲೀಗ್ ಗೆದ್ದು ಬಡ್ತಿಯ ಹಾದಿಯಲ್ಲಿ ಪಂಜಾಬ್ ತಂಡ ಮೇಲೆ ಬಂದದ್ದು 2023-24ರಲ್ಲಿ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2017ರಲ್ಲಿ ಐ.ಎಸ್.ಎಲ್. ಸೇರಿದ ನಮ್ಮ ಬೆಂಗಳೂರು ಎಫ್‌ಸಿಯೊಂದನ್ನೇ ಇಟ್ಟುಕೊಂಡು ಮುಚ್ಚಿದ ಲೀಗು ಮತ್ತು ತೆರೆದ ಲೀಗುಗಳ ಅರ್ಥಶಾಸ್ತ್ರವನ್ನು ಪೂರ್ತಿ ಒಂದು ವಾರ ಕಲಿಸಬಹುದಿತ್ತು.

ಸಣ್ಣ ಊರುಗಳಿಗೆ ನೇರವಾಗಿ ಸಂಬಂಧಿಸಿದ ವಿಷಯವನ್ನೂ ಒಂದೇ ಸ್ಲೈಡಿನಲ್ಲಿ ದಾಟಿಸಿದ್ದಾರೆ. ಆಟಗಾರನೊಬ್ಬ ಒಪ್ಪಂದದ ನಡುವೆ ಬೇರೆ ದೇಶದ ಕ್ಲಬ್ಬಿಗೆ ವರ್ಗವಾದಾಗ ಆ ಮೊತ್ತದ ಶೇ. 5ರಷ್ಟು, ಅವನ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಸಲ್ಲಬೇಕೆಂಬುದು ಫಿಫಾ ನಿಯಮ. ಮೊತ್ತ ಒಂದು ಕೋಟಿಯಾದರೆ ಹಂಚಬೇಕಾದದ್ದು ಐದು ಲಕ್ಷ. ಅದರಲ್ಲಿ 12ರಿಂದ 15ರವರೆಗಿನ ನಾಲ್ಕು ವರ್ಷ ಹುಡುಗನನ್ನು ಬೆಳೆಸಿದ ಕ್ಲಬ್ಬಿನ ಪಾಲು ಒಂದು ಲಕ್ಷ. ಭದ್ರಾವತಿಯದೋ ಸಾಗರದ್ದೋ ಕ್ಲಬ್ಬಿಗೆ ಅದು ವರ್ಷದ ಚೆಂಡು, ಬೂಟಿನ ಖರ್ಚು. ಆದರೆ ಹುಡುಗನ ನೋಂದಣಿ ಅಧಿಕೃತ ದಾಖಲೆಯಲ್ಲಿ ಇಲ್ಲದಿದ್ದರೆ ಆ ಹಣ ಕೇಳುವ ದಾರಿಯೇ ಇರುವುದಿಲ್ಲ. ಈ ಲೆಕ್ಕವನ್ನು ನಾನೇ ಹಾಕಿ ವಿದ್ಯಾರ್ಥಿಗಳಿಗೆ ತೋರಿಸಬೇಕಾಯಿತು.

ಮಹಿಳಾ ಫುಟ್‌ಬಾಲಿನ ವಿಷಯವಂತೂ ಇನ್ನೂ ನೋವಿನದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕೆರ್ ಮಹಿಳಾ ತಂಡದ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರು ವರ್ಷ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರು ಆಡದಂತೆ ನಿಷೇಧ ಹಾಕಿತು. ಬೇಡಿಕೆ ಇದ್ದೂ ಪೂರೈಕೆಯನ್ನು ಕಟ್ಟಿಹಾಕಿದ ಇಂಥ ನಿದರ್ಶನವನ್ನು ಬಿಟ್ಟು ಶ್ರಮ ಮಾರುಕಟ್ಟೆಯ ಪಾಠ ಪೂರ್ಣವಾಗುವುದಾದರೂ ಹೇಗೆ? ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿದ್ದಾರೆ, ಅವರು ಮೊದಲು ಕೇಳುವ ಪ್ರಶ್ನೆಯೂ ಇದೇ.

ವ್ಯವಸ್ಥೆಯ ಬಗ್ಗೆ ಎರಡು ಮಾತು. ವಿಡಿಯೊಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶ ಇಲ್ಲ. ಕಿರುಪರೀಕ್ಷೆ ನಡೆಯುತ್ತಿರುವಾಗ ಕರೆಂಟ್ ಹೋಗಿ ನೆಟ್‌ವರ್ಕ್ ಕಡಿದುಹೋದರೆ ಬರೆದಷ್ಟಕ್ಕೇ ಅಂಕ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿದ್ದಾಗ ನನಗೆ ಎರಡು ಬಾರಿ ಹೀಗಾಯಿತು, ಪತ್ರ ಬರೆದು ಕೇಳಿದರೂ ಮರುಪರೀಕ್ಷೆ ಕೊಡಲಿಲ್ಲ. ಪ್ರಮಾಣಪತ್ರಕ್ಕೆ ಬೇರೆ ಶುಲ್ಕವಿದೆ ಎಂಬುದನ್ನು ಕೊನೆಯ ವಾರದಲ್ಲಿ ತಿಳಿಸಿದ್ದು ಸರಿಯಲ್ಲ, ಸೇರುವಾಗಲೇ ಹೇಳಬೇಕಿತ್ತು.

ಇಷ್ಟಾದರೂ ಅರ್ಥಶಾಸ್ತ್ರದಲ್ಲಿ ಪದವಿಯ ಎರಡು ವರ್ಷ ಮುಗಿಸಿ, ಸಂಖ್ಯಾಶಾಸ್ತ್ರದ ಪ್ರಾಥಮಿಕ ಪರಿಚಯ ಇರುವ ವಿದ್ಯಾರ್ಥಿಗೆ ಈ ಕೋರ್ಸನ್ನು ಧೈರ್ಯವಾಗಿ ಹೇಳುತ್ತೇನೆ. ಆಟದ ಮೇಲಿನ ಪ್ರೀತಿಯಿಂದ ಮಾತ್ರ ಸೇರುವವರಿಗೆ ನಾಲ್ಕನೇ ವಾರದಿಂದ ಮುಂದೆ ಕಷ್ಟವಾಗುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಐಚ್ಛಿಕ ಪತ್ರಿಕೆಯಾಗಿ, ಭಾರತದ ಅಧ್ಯಾಯಗಳನ್ನು ಸೇರಿಸಿ, ಕನ್ನಡದಲ್ಲಿಯೇ ಇಂಥದೊಂದನ್ನು ರೂಪಿಸಬಹುದು ಎಂಬುದು ನನ್ನ ದೃಢ ನಂಬಿಕೆ. ಸದ್ಯಕ್ಕೆ ಸೇರುವವರು ಮಳೆಗಾಲ ಕಳೆದ ಮೇಲಿನ ಬ್ಯಾಚನ್ನು ಆರಿಸಿಕೊಳ್ಳಿ, ಪ್ರಮಾಣಪತ್ರ ಬೇಡವೆಂದರೆ ಹೆಚ್ಚಿನ ಶುಲ್ಕ ಕಟ್ಟಬೇಡಿ, ಆರನೇ ವಾರದ ಅಭ್ಯಾಸವನ್ನು ಮಾತ್ರ ಸ್ವಂತ ಕೈಯಿಂದ ಅಂಕಿ ತುಂಬಿಯೇ ಮಾಡಿ.