ಚಿಕ್ಕಬಳ್ಳಾಪುರಕ್ಕೆ 13 ಅಕ್ಷರವೇ? ಗೊಡೊ, ಜಿಡಿಸ್ಕ್ರಿಪ್ಟ್ ಬಳಸಿದ ಮೇಲೆ

ಗೇಮ್ ಮಾಡುವ ತಂತ್ರಾಂಶ (ಎಂಜಿನ್) ಗೊಡೊದ ನಾಲ್ಕನೇ ಆವೃತ್ತಿ ಬಂದದ್ದು 2023ರ ಮಾರ್ಚ್‌ನಲ್ಲಿ. ಈ ವಿಮರ್ಶೆ ಆಗಿನಿಂದಲೂ ಅದರ ಸ್ವಂತ ಪ್ರೋಗ್ರಾಮಿಂಗ್ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲೇ ಸಣ್ಣ ಗೇಮ್‌ಗಳನ್ನು ಮಾಡಿದ ಬಳಕೆಯ ಮೇಲೆ ನಿಂತಿದೆ. ಫೀಚರ್ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಎಲ್ಲೂ ಸಿಗದ ವಿಷಯ ಕನ್ನಡ ಅಕ್ಷರದ್ದು, ಹಾಗಾಗಿ ಮಾತು ಅಲ್ಲಿಂದಲೇ ಶುರು.

ಗೊಡೊ 3ರಲ್ಲಿ ಒಂದು ಲೇಬಲ್‌ಗೆ (ತೆರೆಯ ಮೇಲೆ ಪಠ್ಯ ತೋರಿಸುವ ಭಾಗ) ‘ಶಿಡ್ಲಘಟ್ಟ’ ಎಂದು ಬರೆದರೆ ಒತ್ತು ಕೆಳಗೆ ಇಳಿಯುತ್ತಲೇ ಇರಲಿಲ್ಲ, ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತಿದ್ದವು. ಕನ್ನಡ ಬೇಕಾದವರು ಪದವನ್ನೇ ಚಿತ್ರ ಮಾಡಿ ಅಂಟಿಸಬೇಕಿತ್ತು. ನಾಲ್ಕನೇ ಆವೃತ್ತಿಯ ಒಳಗೆ ಅಕ್ಷರ ಜೋಡಿಸುವ ತಂತ್ರಾಂಶ ಹಾರ್ಫ್‌ಬಜ್ ಬಂದ ಮೇಲೆ ಒತ್ತು, ಗುಣಿತ, ಅರ್ಕಾವೊತ್ತು ಎಲ್ಲ ಅಚ್ಚಿನ ಪುಸ್ತಕದಲ್ಲಿ ಇದ್ದ ಹಾಗೆ ಕೂರುತ್ತವೆ. ಒಂದು ಸಾಲು ಹೆಚ್ಚುವರಿ ಕೋಡ್ ಬೇಡ. ಈ ಒಂದು ಕಾರಣಕ್ಕೇ ಇದನ್ನು ಇಷ್ಟು ದಿನ ಬಿಡಲು ಮನಸ್ಸಾಗಿಲ್ಲ.

ಆದರೆ ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಹಾಕಿದರೆ ತೊಡಕು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನೇ ಬರೆದು ನೋಡಿ: ಮೊದಲು ‘ಅರ’ ಕಾಣುತ್ತದೆ, ಆಮೇಲೆ ‘ಅರ್’, ಮರುಕ್ಷಣ ಆ ‘ರ’ ಮಾಯವಾಗಿ ‘ಕ’ದ ಬಲಕ್ಕೆ ಅರ್ಕಾವೊತ್ತಾಗಿ ಹಾರಿ ಕೂರುತ್ತದೆ. ಓದುವವರ ಕಣ್ಣಿಗೆ ಅದು ಮಿನುಗಿದಂತೆ ಕಾಣುತ್ತದೆ. ಅಕ್ಷರ ಜೋಡಿಸುವ ಮೊದಲೇ ಪಠ್ಯವನ್ನು ಕತ್ತರಿಸುವುದು ಇದಕ್ಕೆ ಕಾರಣ. ಲೇಬಲ್‌ನ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಎಂಬ ಸೆಟ್ಟಿಂಗನ್ನು ‘ಕ್ಯಾರೆಕ್ಟರ್ಸ್ ಆಫ್ಟರ್ ಶೇಪಿಂಗ್’ಗೆ ಬದಲಿಸಿದರೆ ಈ ಹಾರಾಟ ನಿಲ್ಲುತ್ತದೆ.

ಫಾಂಟ್ ವಿಷಯದಲ್ಲೂ ಎಚ್ಚರ ಬೇಕು. ಗೊಡೊ ಜೊತೆ ಬರುವ ಫಾಂಟ್‌ನಲ್ಲಿ ಕನ್ನಡವಿಲ್ಲ. ವಿಂಡೋಸ್‌ನಲ್ಲಿ ಅದು ಸದ್ದಿಲ್ಲದೆ ಸಿಸ್ಟಂ ಫಾಂಟನ್ನು ಎರವಲು ತರುವುದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಅದೇ ಗೇಮನ್ನು ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಬರೀ ಖಾಲಿ ಚೌಕಗಳು, ಏಕೆಂದರೆ ಬ್ರೌಸರ್‌ನಲ್ಲಿ ಆ ಎರವಲು ನಡೆಯುವುದಿಲ್ಲ. ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡವನ್ನು ಪ್ರಾಜೆಕ್ಟ್ ಫೋಲ್ಡರ್‌ಗೆ ಹಾಕಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜಿಯುಐ, ಥೀಮ್, ಕಸ್ಟಮ್ ಫಾಂಟ್‌ನಲ್ಲಿ ಮೊದಲ ದಿನವೇ ಕೂರಿಸಿಬಿಡಿ.

ನಿಜವಾದ ಕಾಟ ಪದಬಂಧದಂಥ ಗೇಮ್‌ನಲ್ಲಿ. ಚಿ, ಕ್ಕ, ಬ, ಳ್ಳಾ, ಪು, ರ: ಆರು ಮನೆ ಎಂದು ಮೂರನೇ ಕ್ಲಾಸಿನ ಮಗು ಹೇಳುತ್ತದೆ. ಪದದ ಉದ್ದ ಹೇಳುವ ಜಿಡಿಸ್ಕ್ರಿಪ್ಟ್‌ನ ಲೆಂತ್ ಫಂಕ್ಷನ್ 13 ಎನ್ನುತ್ತದೆ, ಏಕೆಂದರೆ ಅದು ಪ್ರತಿ ಗುಣಿತ ಚಿಹ್ನೆಯನ್ನೂ ಹಲಂತವನ್ನೂ (‘ಕ್’ನಲ್ಲಿ ಸ್ವರ ತೆಗೆಯುವ ಚಿಹ್ನೆ) ಬೇರೆಯಾಗಿ ಎಣಿಸುತ್ತದೆ. ಭಾಷೆ ಬದಲಿಸಿ ಪಾರಾಗುವಂತಿಲ್ಲ. ಪೈಥಾನ್, ಸಿ ಶಾರ್ಪ್‌ಗಳೂ 13 ಎನ್ನುತ್ತವೆ. ಸಿ ಪ್ಲಸ್ ಪ್ಲಸ್‌ನ ಸಾಮಾನ್ಯ ಸ್ಟ್ರಿಂಗ್ ಮತ್ತು ಲುವಾ ಬೈಟ್ ಎಣಿಸುವುದರಿಂದ, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಹಿಡಿಯುವ ಯುಟಿಎಫ್-8 ಪಠ್ಯಕ್ಕೆ 39 ಎನ್ನುತ್ತವೆ.

ಪರಿಹಾರ ಹದಿನೈದು ಸಾಲಿನ ಒಂದು ಫಂಕ್ಷನ್. ಪದವನ್ನು ಒಂದೊಂದೇ ಚಿಹ್ನೆಯಾಗಿ ನೋಡುತ್ತಾ ಹೋಗಿ. ಬಂದದ್ದು ಗುಣಿತ ಚಿಹ್ನೆ, ಹಲಂತ, ಅನುಸ್ವಾರ ಅಥವಾ ವಿಸರ್ಗವಾದರೆ ಹಿಂದಿನ ಮನೆಗೇ ಸೇರಿಸಿ. ಹಿಂದಿನ ಮನೆ ಹಲಂತದಲ್ಲಿ ಮುಗಿದು ಈಗ ವ್ಯಂಜನ ಬಂದರೆ ಅದನ್ನೂ ಅಲ್ಲಿಗೇ. ಉಳಿದದ್ದಕ್ಕೆಲ್ಲ ಹೊಸ ಮನೆ. ‘ರಾಜ್‌ಕುಮಾರ್’ ಥರದ ಪದದಲ್ಲಿ ‘ಜ್’ ಆದ ಮೇಲೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೊ ವಿಡ್ತ್ ನಾನ್ ಜಾಯ್ನರ್ ಎಂಬ ಚಿಹ್ನೆ ಇರುತ್ತದೆ. ಅದನ್ನೂ ಹಿಂದಿನ ಮನೆಗೇ ಸೇರಿಸಿ. ಆಗ ಆ ಮನೆ ಹಲಂತದಲ್ಲಿ ಮುಗಿಯುವುದಿಲ್ಲ, ‘ಕು’ ತಾನಾಗಿ ಹೊಸ ಮನೆಗೆ ಹೋಗುತ್ತದೆ. ಪದಪಟ್ಟಿ ಶುಚಿ ಮಾಡುವ ಭರದಲ್ಲಿ ಇದನ್ನು ಅಳಿಸಿದರೆ ‘ರಾಜ್ಕುಮಾರ್’ ಆಗುತ್ತದೆ, ಒಂದು ಮನೆಯೂ ಕಡಿಮೆ ಬೀಳುತ್ತದೆ. ಬಾಗೇಪಲ್ಲಿ ಕಡೆಯ ಮಕ್ಕಳಿಗೆ ತೆಲುಗಿನಲ್ಲೂ ಬೇಕೆಂದರೆ ನಿಯಮ ಇದೇ, ಚಿಹ್ನೆಗಳ ಪಟ್ಟಿ ಮಾತ್ರ ಬೇರೆ.

ದಿನನಿತ್ಯದ ಕೆಲಸ ಮಾತ್ರ ಹಿತ. ಎಫ್6 ಒತ್ತಿದರೆ ಎದುರಿಗಿರುವ ಸೀನ್ (ಗೇಮ್‌ನ ಒಂದು ದೃಶ್ಯ) ಒಂದೇ ಓಡುತ್ತದೆ, ಇಡೀ ಗೇಮ್ ತೆರೆಯುವವರೆಗೆ ಕಾಯಬೇಕಿಲ್ಲ. ಕಂಟ್ರೋಲ್ ಕೀ ಹಿಡಿದು ಸೀನ್‌ನ ಬಿಡಿಭಾಗವಾದ ‘ನೋಡ್’ ಒಂದನ್ನು ಸ್ಕ್ರಿಪ್ಟ್ ಒಳಗೆ ಎಳೆದು ಬಿಟ್ಟರೆ ಅದರ ವೇರಿಯಬಲ್ ಸಾಲು ತಾನೇ ಬರೆದುಕೊಳ್ಳುತ್ತದೆ. ಹಳೇ ಲ್ಯಾಪ್‌ಟಾಪ್ ಇದ್ದವರು ಹೊಸ ಪ್ರಾಜೆಕ್ಟ್ ತೆರೆಯುವಾಗ ‘ಕಂಪ್ಯಾಟಿಬಿಲಿಟಿ’ ರೆಂಡರರ್ (ಚಿತ್ರ ಮೂಡಿಸುವ ವಿಧಾನ) ಆರಿಸಿಕೊಳ್ಳಲಿ. ಎಂಜಿನ್‌ಗೆ ಒಂದು ರೂಪಾಯಿ ಖರ್ಚಿಲ್ಲ. ಪ್ಲೇ ಸ್ಟೋರ್‌ಗೆ ಹಾಕುವುದಾದರೆ ಗೂಗಲ್‌ಗೆ ಒಮ್ಮೆ 25 ಡಾಲರ್ ಕಟ್ಟಬೇಕು, ಅಷ್ಟೇ.

ಬೇಸರ ಬರುವುದು ಪ್ರಾಜೆಕ್ಟ್ ದೊಡ್ಡದಾದಾಗ. ಒಂದು ಫಂಕ್ಷನ್‌ನ ಹೆಸರು ಬದಲಿಸಿದರೆ ಅದನ್ನು ಕರೆದ ಜಾಗಗಳನ್ನೆಲ್ಲ ಗೊಡೊದ ಎಡಿಟರ್ ತಾನಾಗಿ ತಿದ್ದುವುದಿಲ್ಲ. ಹುಡುಕಿ ಬದಲಿಸುವುದೇ ಗತಿ. ಎಡಿಟರ್‌ನ ಪ್ಯಾನೆಲ್‌ನಿಂದ ಜೋಡಿಸಿದ ಸಿಗ್ನಲ್‌ಗಳದ್ದು (ಬಟನ್ ಒತ್ತಿದಂಥ ಘಟನೆಯ ಸೂಚನೆಗಳು) ಇನ್ನೂ ಕಷ್ಟ: ಹಳೇ ಹೆಸರು ಸೀನ್ ಫೈಲ್‌ನಲ್ಲಿ ಉಳಿದಿರುತ್ತದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಸಿಗ್ನಲ್‌ಗಳನ್ನು ಕೋಡ್‌ನಲ್ಲೇ ಜೋಡಿಸಿದರೆ ತಪ್ಪು ಹೆಸರು ಬರೆಯುವಾಗಲೇ ಕೆಂಪಾಗುತ್ತದೆ. ಜೊತೆಗೆ ಡೀಬಗ್ ಸೆಟ್ಟಿಂಗ್‌ನಲ್ಲಿ ‘ಅನ್‌ಟೈಪ್ಡ್ ಡಿಕ್ಲರೇಷನ್’ ಅನ್ನು ‘ಎರರ್’ಗೆ ಹಾಕಿ. ಪ್ರತಿ ವೇರಿಯಬಲ್‌ಗೂ ಟೈಪ್ (ಅದು ಸಂಖ್ಯೆಯೋ ಪಠ್ಯವೋ ಎಂಬುದು) ಬರೆಯುವುದು ಮೊದಲ ವಾರ ಕಿರಿಕಿರಿ, ಆದರೆ ಕೋಡ್ ವೇಗವಾಗಿಯೂ ಓಡುತ್ತದೆ.

ಹವ್ಯಾಸಕ್ಕೆ, ಶಾಲೆಗೆ, ಕನ್ನಡದ ಗೇಮ್‌ಗೆ ಜಿಡಿಸ್ಕ್ರಿಪ್ಟ್ ಕಣ್ಣು ಮುಚ್ಚಿ ಆರಿಸಿಕೊಳ್ಳಬಹುದು. ಬೆಂಗಳೂರಿಗೆ ರೈಲು ಹತ್ತಿ ಸ್ಟುಡಿಯೋ ಕೆಲಸಕ್ಕೆ ಹೋಗುವ ಗುರಿಯಿದ್ದರೆ ಬೇರೆ ಎಂಜಿನ್‌ಗಳಾದ ಯೂನಿಟಿಯ ಸಿ ಶಾರ್ಪ್ ಅಥವಾ ಅನ್‌ರಿಯಲ್‌ನ ಸಿ ಪ್ಲಸ್ ಪ್ಲಸ್ ಕಲಿಯಲೇಬೇಕು. ಮನೆ ಎಣಿಸುವ ಆ ಹದಿನೈದು ಸಾಲು ಸಿ ಶಾರ್ಪ್‌ಗೆ ಒಂದು ಸಂಜೆಯಲ್ಲಿ ಬದಲಾಗುತ್ತದೆ. ಆದರೆ ಯೂನಿಟಿಯಲ್ಲಿ ಪಠ್ಯ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರವನ್ನು ತಾನಾಗಿ ಜೋಡಿಸುವುದಿಲ್ಲ, ಆದ್ದರಿಂದ ಅಲ್ಲಿ ಬೇರೇನು ಮಾಡುವ ಮೊದಲೂ ಒಂದು ಲೇಬಲ್‌ನಲ್ಲಿ ‘ಅರ್ಕಾವತಿ’ ಎಂದು ಬರೆದು ನೋಡಿ.